ಸಾವಿರದ ಇನ್ನೂರ ಮೂವತ್ತೇಳರ ಅಡುಗೆಮನೆ

ಜೂನ್ 14, ಶನಿವಾರ

ಮದುವೆಯಾಗಿ ಇವತ್ತಿಗೆ ಇಪ್ಪತ್ತೊಂದು ದಿನ. ಇಪ್ಪತ್ತೊಂದು! ಈ ಡೈರಿ ಕೊಟ್ಟವನು ಆಲ್ಪಾಯ್. ಈಗ ಬಾಲ್ಕನಿಯಲ್ಲಿ ಕೂತು ಬಾಣಗಳಿಗೆ ಬಾತುಕೋಳಿಯ ಗರಿ ಕಟ್ಟುತ್ತಿರುವವನೂ ಆಲ್ಪಾಯ್. ಬಿಸಿಲು ಬಿದ್ದರೆ ಅವನ ಕಿವಿ ಕೆಂಪಗೆ ದೀಪದ ಹಾಗೆ ಹೊಳೆಯುತ್ತದೆ. ಯಾರಾದರೂ ಒಬ್ಬ ಮನುಷ್ಯನ ಕಿವಿಯನ್ನು ಇಷ್ಟು ಹೊತ್ತು ನೋಡಿದ್ದಾರಾ? ನಾನು ನೋಡಿದ್ದೇನೆ.

ವಾರದಲ್ಲಿ ಐದು ದಿನ ನನ್ನ ಗಂಡ ಕಾಯ್ಸೇರಿಯ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ. ಉಳಿದ ಎರಡು ದಿನ, ಎಂಟು ನೂರು ವರ್ಷದ ಹಿಂದೆ ಟರ್ಕಿ ಆಳಿದ ಸೆಲ್ಜುಕ್ ಸುಲ್ತಾನರ ಬಿಲ್ಲುಗಾರ. ಆ ಕಾಲವನ್ನು ವೇಷ ತೊಟ್ಟು ಮತ್ತೆ ಬದುಕಿ ತೋರಿಸುವ ಗುಂಪು ಅವರದು, ಏಳು ಜನ. ಅವರ ಪಾಲಿಗೆ ಇಸವಿ ಯಾವಾಗಲೂ 1237. ಅದಾದ ಮೇಲೆ ಹುಟ್ಟಿದ ಯಾವ ವಸ್ತುವೂ ಅವರ ಗುಡಾರದೊಳಗೆ ಕಾಲಿಡುವಂತಿಲ್ಲ. ಗುಂಪಿನ ಯಜಮಾನ ನೆಜ್ದೆತ್ ಆಬಿ. ಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತರಾದವರು. ವಯಸ್ಸು ಅರವತ್ತೆಂಟಾದರೂ ಊರಿಗೆಲ್ಲ ಅವರು ಆಬಿಯೇ, ಅಣ್ಣನೇ.

ಊರಾಚೆಯ ಹಳೆಯ ಕಲ್ಲಿನ ಛತ್ರದಲ್ಲಿ ಪ್ರತಿ ಸೆಪ್ಟೆಂಬರ್‌ಗೆ ಮೂರು ದಿನ ದೇಶದ ಇಂಥ ಗುಂಪುಗಳೆಲ್ಲ ಸೇರುತ್ತವೆ. ಒಳಗಿನ ಅಂಗಳದಲ್ಲಿ ಒಂದೇ ಒಂದು ಗುಡಾರಕ್ಕೆ ಜಾಗ. ತಪಾಸಣೆಯಲ್ಲಿ ಗೆದ್ದವರಿಗೆ ಅಂಗಳ, ಉಳಿದವರಿಗೆ ಕಾರು ನಿಲ್ಲಿಸುವ ಬಯಲಲ್ಲಿ ಪಾಪ್‌ಕಾರ್ನ್ ಗಾಡಿಯ ಪಕ್ಕ. ನಮ್ಮವರು ಕಳೆದ ಮೂರು ವರ್ಷ ಪಾಪ್‌ಕಾರ್ನ್ ಪಕ್ಕದಲ್ಲಿದ್ದರು. ಮೊದಲನೇ ವರ್ಷ ಯಾರದೋ ಚಲ್ಲಣದಲ್ಲಿ ಜಿಪ್ ಸಿಕ್ಕಿತಂತೆ. ಎರಡನೇ ವರ್ಷ ಆಲ್ಪಾಯ್‌ನ ಬೂಟಿನಡಿ ರಬ್ಬರು. ಮೂರನೇ ವರ್ಷ ನೆಜ್ದೆತ್ ಆಬಿಯ ಕನ್ನಡಕ. ಕನ್ನಡಕ ಹುಟ್ಟಿದ್ದು ಐವತ್ತು ವರ್ಷ ತಡವಾಗಿ, ಅದೂ ಇಟಲಿಯಲ್ಲಿ!

ಇವತ್ತಿನ ಮೀಟಿಂಗ್‌ನಲ್ಲಿ ಆಬಿ ಹೇಳಿಬಿಟ್ಟರು. "ಈ ಸಲಾನೂ ಪಾಪ್‌ಕಾರ್ನ್ ಆದ್ರೆ ಗುಂಪು ಮುಚ್ತೀನಿ. ಗುಡಾರ ಮಾರ್ತೀನಿ. ನನ್ನ ಹೆಂಡ್ತಿ ಟೊಮೆಟೊ ಗಿಡಕ್ಕೆ ಚಪ್ಪರ ಹಾಕ್ತಾಳಂತೆ ಅದ್ರಲ್ಲಿ."

ಆಲ್ಪಾಯ್‌ನ ಮುಖ ನೋಡಲಾಗಲಿಲ್ಲ. ಎದ್ದು ನಿಂತು, "ಅಡುಗೆಮನೆ ನನ್ನ ಜವಾಬ್ದಾರಿ. ಅಂಗಳ ನಮ್ಮದೇ" ಎಂದುಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಆ ಹದಿಮೂರನೇ ಶತಮಾನದ ಮೇಲೆ ಎಳ್ಳಷ್ಟೂ ಆಸೆ ಇಲ್ಲ. ಆದರೆ ಆ ಕಿವಿಗಳಿಗಾಗಿ ಏನು ಬೇಕಾದರೂ ಮಾಡುತ್ತೇನೆ.

ಜೂನ್ 22, ಭಾನುವಾರ

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು. ಫ್ಯಾಕ್ಟರಿಯಲ್ಲಿ ನಾನು ಇಂಗ್ಲಿಷಿನಲ್ಲಿ ಸೋಫಾಗಳ ಬಗ್ಗೆ ಪತ್ರ ಬರೆಯುತ್ತೇನೆ, ಅಷ್ಟೇ ನನ್ನ ವಿದ್ಯೆ ಎಂದುಕೊಂಡಿದ್ದೆ. ಈ ವಾರ ಊಟದ ಬಿಡುವಿನಲ್ಲಿ ಕೂತು ಹಳೆಯ ಕಾಲದ ಆಹಾರದ ಮೇಲಿನ ಲೇಖನಗಳನ್ನೆಲ್ಲ ಓದಿದೆ. ಗುಂಪಿನ ಗಂಡಸರಿಗೆ ಕತ್ತಿಯ ಹಿಡಿಯ ಅಗಲ ಗೊತ್ತು, ಬಟ್ಟಲಲ್ಲಿ ಏನಿರಬೇಕೆಂದು ಗೊತ್ತಿಲ್ಲ. ಹೋದ ವರ್ಷ ಇವರು ಸುಲ್ತಾನನ ಸೈನ್ಯಕ್ಕೆ ಬೇಯಿಸಿದ್ದು ಆಲೂಗಡ್ಡೆ!

ಇವತ್ತು ಪಟ್ಟಿ ಓದಿ ಹೇಳಿದೆ. ಟೊಮೆಟೊ ಇಲ್ಲ. ಆಲೂಗಡ್ಡೆ ಇಲ್ಲ. ಮೆಕ್ಕೆಜೋಳ ಇಲ್ಲ. ಬಿಳಿ ಬೀನ್ಸ್ ಇಲ್ಲ. ಮೆಣಸಿನಕಾಯಿ, ಹಸಿದಾಗಲಿ ಒಣಗಿದ್ದಾಗಲಿ, ಇಲ್ಲ.

"ಸರಿ" ಎಂದರು ಆಬಿ, ಯುದ್ಧಕ್ಕೆ ಹೊರಟವರ ಹಾಗೆ.

"ಕಾಫಿ ಇಲ್ಲ. ಚಹಾನೂ ಇಲ್ಲ."

ಎಲ್ಲರ ಕೈಯಲ್ಲೂ ಚಹಾದ ಪುಟ್ಟ ಗಾಜಿನ ಲೋಟ. ಆಲ್ಪಾಯ್ ತನ್ನದನ್ನು ಎದೆಗೆ ಒತ್ತಿಕೊಂಡ.

"ಮೂರು ದಿನಾನಾ, ಬೆಂಗಿಸು?" ಎಂದು ನನ್ನ ಹೆಸರು ಹಿಡಿದು ಕೇಳಿದ, ಸಣ್ಣ ದನಿಯಲ್ಲಿ.

"ಮೂರು ದಿನ."

"ಒಂದು ಗುಟುಕು? ಬೆಳಿಗ್ಗೆ ಮಾತ್ರ?"

"ನಿನ್ನ ಮುತ್ತಜ್ಜನ ಕಾಲಕ್ಕೂ ಈ ಊರಲ್ಲಿ ಮನೆಮನೆಗೂ ಚಹಾ ಇರ್ಲಿಲ್ಲ, ಚಿನ್ನ. ಮಜ್ಜಿಗೆ ಕುಡಿ."

ಎಷ್ಟು ಮುದ್ದಾಗಿ ಬೆಚ್ಚಿಬಿದ್ದ! ಮನೆಗೆ ಬಂದು ಅವನಿಗೆ ನಾಲ್ಕು ಲೋಟ ಚಹಾ ಮಾಡಿಕೊಟ್ಟೆ. ಪಾಪ.

ಜುಲೈ 3, ಗುರುವಾರ

ದೊಡ್ಡ ಜಗಳ.

ಅಂಗಳಕ್ಕೆ ಮಂತಿ ಮಾಡೋಣ ಎಂದುಕೊಂಡಿದ್ದೆ. ಮಾಂಸದ ಚೂರು ತುಂಬಿದ, ಉಗುರಿನಷ್ಟು ಸಣ್ಣ ಕಡುಬು. ಹಳೆಯ ಕಾಲದ್ದೇ, ತಕರಾರಿಲ್ಲ. ತೊಂದರೆ ಏನೆಂದರೆ ಈ ಊರಲ್ಲಿ ಒಂದು ಚಮಚದಲ್ಲಿ ನಲವತ್ತು ಹಿಡಿಸಬೇಕು. ನನ್ನ ಚಮಚದಲ್ಲಿ ಹಿಡಿಸುವುದು ಹನ್ನೊಂದು. ಹಾಗಾಗಿ ಕೆಳಗಿನ ಮಹಡಿಗೆ, ಅತ್ತೆಯ ಹತ್ತಿರ ಹೋದೆ. ಅತ್ತೆ ಮ್ಯುಯೆಸ್ಸೆರ್ ಹಾನಮ್, ಅಂದರೆ ಮ್ಯುಯೆಸ್ಸೆರ್ ಅಮ್ಮನವರು, ಎಂದರೆ ಇಡೀ ಬೀದಿಗೆ ಹೆದರಿಕೆ. ಬಾಯಿ ತುಂಬ "ಅಮ್ಮಾ" ಎಂದು ಕರೆಯುತ್ತೇನೆ. ಮದುವೆಯಾದಾಗಿನಿಂದ ಅವರ ಮುಂದೆ ಸರಿಯಾಗಿ ಉಸಿರು ಬಿಟ್ಟಿಲ್ಲ.

"ಕಲಿಸ್ತೀನಿ ಮಗಳೇ, ಕೂತ್ಕೋ. ಮೇಲಿನ ಒಗ್ಗರಣೆಗೆ ಬೆಣ್ಣೆ, ಮೆಣಸಿನಪುಡಿ, ಟೊಮೆಟೊ ರಸ..."

"ಅಮ್ಮಾ, ಮೆಣಸಿನಪುಡಿ ಬೇಡ. ಟೊಮೆಟೊನೂ."

ಲಟ್ಟಣಿಗೆ ನಿಂತಿತು. "ಮೆಣಸಿನಪುಡಿ ಇಲ್ದೆ ಮಂತಿನಾ? ಅದನ್ನ ಆಸ್ಪತ್ರೇಲಿ ಕೊಡ್ತಾರೆ."

ಅಲ್ಲಿಗೆ ಸುಮ್ಮನಿರಬೇಕಿತ್ತು. ನಾನು ಸುಮ್ಮನಿರುವವಳಾ! ಮೆಣಸಿನಕಾಯಿ ಅಮೆರಿಕಾದಿಂದ ಬಂದ ಬೆಳೆ ಎಂದೆ. ಆ ಲೆಕ್ಕದಲ್ಲಿ ಅವರು ಪಾಸ್ತರ್ಮಕ್ಕೆ, ಆ ಒಣಮಾಂಸಕ್ಕೆ ಹಚ್ಚುವ ಕೆಂಪು ಮಸಾಲೆ ಕೂಡ ಅಷ್ಟೇನೂ ಹಳೆಯದಲ್ಲ ಎಂದೂ ಸೇರಿಸಿದೆ.

"ನನ್ನ ಮಸಾಲೆ?"

"ನಿಮ್ಮದು ಅಂತಲ್ಲ, ಅಮ್ಮಾ..."

"ನಮ್ಮತ್ತೆ ಮಾಡ್ತಿದ್ರು. ನಮ್ಮತ್ತೆಯ ಅತ್ತೆ ಮಾಡ್ತಿದ್ರು. ಅವರೇನು ಅಮೆರಿಕಾಕ್ಕೆ ಹೋಗಿದ್ರಾ? ಕುದುರೆ ಮೇಲೆ ಹೋಗಿದ್ರಾ?"

"ಇಂಗ್ಲಿಷ್ ಲೇಖನದಲ್ಲಿ..."

"ಹಾಗಾದ್ರೆ ಇಂಗ್ಲಿಷಿನವರನ್ನೇ ಕರ್ಕೊಂಡ್ ಬಾ, ಮಂತಿ ಮಡಿಸ್ತಾರೆ" ಎಂದು ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ ಎದ್ದರು. ನಾನು ಮೆಟ್ಟಿಲು ಹತ್ತಿ ಬಂದೆ.

ಆಲ್ಪಾಯ್ ಬಂದವನೇ ಕೇಳಿದ: "ಪಾಸ್ತರ್ಮದ ಬಗ್ಗೆ ನಮ್ಮಮ್ಮನ ಹತ್ರ ಮಾತಾಡಿದ್ಯಾ? ಹುಚ್ಚಾ ನಿಂಗೆ? ನಾನು ಮೂವತ್ತು ವರ್ಷದಿಂದ ಮಾತಾಡಿಲ್ಲ."

ಜುಲೈ 8, ಮಂಗಳವಾರ

ಅತ್ತೆ ಮಾತಾಡುತ್ತಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಲಿಫ್ಟಿಗೆ ಹೋಗುತ್ತಾರೆ. ಲಿಫ್ಟಲ್ಲಿ ಎದುರಾದರೆ ಮೆಟ್ಟಿಲಿಗೆ. ಇವತ್ತಿನ ಮಂತಿ: ಚಮಚಕ್ಕೆ ಹದಿನಾಲ್ಕು. ಹೊಟ್ಟೆ ಒಡೆದು ಹೋದದ್ದನ್ನು ಬಿಟ್ಟರೆ ಹದಿಮೂರು.

ಜುಲೈ 13, ಭಾನುವಾರ

ನನ್ನ ನಿಲುವಂಗಿ ಮುಗಿಯಿತು! ಪೂರ್ತಿ ಕೈಹೊಲಿಗೆ, ಎಲ್ಲ ಬೆರಳಿಗೂ ಬ್ಯಾಂಡೇಜು. ಮಂಜಿಷ್ಠ ಬೇರಿನಲ್ಲಿ ಕೆಂಪು ಬಣ್ಣ ಕಟ್ಟಿ, ಬೆಳಿಗ್ಗೆ ಬಾಲ್ಕನಿಯಲ್ಲಿ ಹರವಿದೆ. ಹತ್ತು ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ಅತ್ತೆ! ಹತ್ತು ದಿನದ ಮೇಲೆ!

"ಆ ಬಟ್ಟೆ ಒಳಗೆ ತಗೋ."

"ಯಾಕಮ್ಮಾ?"

"ಎದುರು ಮನೆಯವರೆಲ್ಲ ನೋಡ್ತಿದ್ದಾರೆ. ಮ್ಯುಯೆಸ್ಸೆರ್ ಸೊಸೆ ಹೊಲಿಗೆ ಇದೂ ಅಂತಾರೆ. ಕೋಳಿ ನಡೆದ ಹಾಗಿದೆ."

ಬಟ್ಟೆಯನ್ನು ಮಡಿಲಿಗೆ ಹಾಕಿಕೊಂಡು, ಕನ್ನಡಕ ಏರಿಸಿ, ನನ್ನ ಮೂರು ವಾರದ ಕೆಲಸವನ್ನು ಮುಕ್ಕಾಲು ಗಂಟೆಯಲ್ಲಿ ಬಿಚ್ಚಿಹಾಕಿದರು. ನನಗೆ ಅಳು. ಆಮೇಲೆ ಸೂಜಿಗೆ ದಾರ ಪೋಣಿಸಿ, ಅಂಚನ್ನು ಒಳಕ್ಕೆ ಎರಡು ಸಲ ಮಡಿಸಿ, ಕಾಣದ ಹಾಗೆ ಹೊಲಿಯುತ್ತ ಕೂತರು. ನೋಡುತ್ತ ನೋಡುತ್ತ ನನ್ನ ಅಳು ನಿಂತೇ ಹೋಯಿತು. ಆ ಹೊಲಿಗೆಯ ಚಿತ್ರ ನಾನು ಲೇಖನವೊಂದರಲ್ಲಿ ನೋಡಿದ್ದೆ. ಗೋರಿಯಲ್ಲಿ ಸಿಕ್ಕ ಬಟ್ಟೆಯ ತುಂಡು.

"ಅಮ್ಮಾ, ಇದು ಎಲ್ಲಿ ಕಲಿತ್ರಿ?"

"ಕಲಿಯೋದೇನು ಬಂತು. ಅಂಚು ಅಂದ್ರೆ ಹೀಗೇ."

ಒಂದು ತೋಳು ಮುಗಿಸಿದ ಮೇಲೆ, ತಲೆ ಎತ್ತದೆ ಕೇಳಿದರು: "ಆ ಕಾಲದಲ್ಲಿ ಹುಳಿಗೆ ಸುಮಾಕ್ ಇತ್ತಾ?"

"ಇತ್ತು."

"ಬೆಳ್ಳುಳ್ಳಿ?"

"ಇತ್ತು."

"ಹಾಗಾದ್ರೆ ಬದುಕ್ಬಹುದು" ಎಂದರು.

ಜುಲೈ 27, ಭಾನುವಾರ

ಎರಡು ದಿನದ ತಾಲೀಮು ಮುಗಿಸಿ ಈಗ ಬಂದೆವು. ಗುಡಾರ ಹಾಕಿದ್ದು ನೆಜ್ದೆತ್ ಆಬಿಯ ತೋಟದಲ್ಲಿ. ಕೆಳಗಿನ ಮಹಡಿಯಿಂದ ಅಮ್ಮನೂ ಬಂದರು! "ನೋಡ್ಕೊಂಡ್ ಬರ್ತೀನಿ ಅಷ್ಟೇ" ಎಂದವರು ಬರುವಾಗ ತಾಮ್ರದ ಹಂಡೆಯನ್ನೇ ಹೊತ್ತು ತಂದಿದ್ದರು.

ಮೊದಲ ದಿನ ಮಧ್ಯಾಹ್ನಕ್ಕೇ ಗಂಡಸರಿಗೆಲ್ಲ ತಲೆನೋವು. ಚಹಾ ಇಲ್ಲದ ತಲೆನೋವು. ಸಂಜೆಗೆ ಒಬ್ಬ ಬಿಲ್ಲುಗಾರ ಮತ್ತೊಬ್ಬನ ಜೊತೆ ಗೂಟದ ವಿಷಯಕ್ಕೆ ಜಗಳವಾಡಿದ. ಆಬಿ ಮಜ್ಜಿಗೆ ಬಟ್ಟಲು ಹಿಡಿದು ದೂರದ ಬೆಟ್ಟ ನೋಡುತ್ತ ಕೂತಿದ್ದರು, ವಿಧವೆಯ ಹಾಗೆ.

ಇವತ್ತು ಬೆಳಿಗ್ಗೆ ಆಲ್ಪಾಯ್ ಕಾಣಲಿಲ್ಲ. ಸೌದೆ ತರಲು ಹೋದ ಎಂದರು. ಸೌದೆ ಇದ್ದದ್ದು ಈ ಕಡೆ, ಅವನು ಹೋಗಿದ್ದು ಆ ಕಡೆ. ಹೋಗಿ ನೋಡಿದರೆ ಕಾರಿನಲ್ಲಿ, ಸೀಟು ಹಿಂದಕ್ಕೆ ಬಾಗಿಸಿ, ಚರ್ಮದ ಯುದ್ಧಕವಚ ತೊಟ್ಟು, ಥರ್ಮಾಸ್ ಮುಚ್ಚಳದಲ್ಲಿ ಚಹಾ ಹೀರುತ್ತಿದ್ದಾನೆ. ಕಣ್ಣು ಮುಚ್ಚಿ!

ಗಾಜು ತಟ್ಟಿದೆ. ಮೈಮೇಲೆ ಚೆಲ್ಲಿಕೊಂಡ.

"ಬೆಂಗಿಸು, ಪ್ಲೀಸ್. ಕಾರು ಗುಡಾರದೊಳಗೆ ಬರಲ್ವಲ್ಲ."

"ಇಸವಿ ಎಷ್ಟು?"

"ಕಾರಲ್ಲಿ ಎರಡು ಸಾವಿರದ..."

"ಇಸವಿ ಎಷ್ಟು, ಆಲ್ಪಾಯ್?"

"ಸಾವಿರದ ಇನ್ನೂರ ಮೂವತ್ತೇಳು."

ಆಬಿಗೆ ಹೇಳಲೇಬೇಕಾಯಿತು. ನಾನು ಸಂತೋಷದಿಂದ ಹೇಳಲಿಲ್ಲ. ಆದರೆ ಇಂಥ ಸಣ್ಣದರಲ್ಲೇ ಅಲ್ಲವಾ ಅಂಗಳ ಕೈತಪ್ಪುವುದು! ಅವನಿಗೆ ಶಿಕ್ಷೆಯಾಗಿ ಹಂಡೆ ತಿಕ್ಕುವ ಕೆಲಸ ಬಿತ್ತು. ಅಮ್ಮ ಸೋಪಿನ ಬದಲು ಒಲೆಯ ಬೂದಿ ಕೊಟ್ಟು, "ನಾನು ಏಳು ವರ್ಷದವಳಿದ್ದಾಗಿಂದ ಹೀಗೇ ತಿಕ್ಕಿದ್ದು, ನೀನೂ ತಿಕ್ಕು" ಎಂದರು. ಬೂದಿ! ನನ್ನ ಯಾವ ಲೇಖನದಲ್ಲೂ ಇರಲಿಲ್ಲ.

ಹಿಂದಿರುಗುವಾಗ ಆಲ್ಪಾಯ್ ದಾರಿಯುದ್ದಕ್ಕೂ ಖಾಲಿ ಥರ್ಮಾಸನ್ನು ಮಡಿಲಲ್ಲಿಟ್ಟುಕೊಂಡಿದ್ದ. ತಲೆನೋವಿರಬೇಕು.

ಆಗಸ್ಟ್ 9, ಶನಿವಾರ

ಅಮ್ಮ ಕೇಳುವ ಪ್ರಶ್ನೆಗಳನ್ನು ಈ ಗುಂಪಿನಲ್ಲಿ ಹನ್ನೆರಡು ವರ್ಷದಿಂದ ಯಾರೂ ಕೇಳಿಲ್ಲ. ಬೆಣ್ಣೆಯನ್ನು ಬಿಸಿಲಲ್ಲಿ ಯಾವುದರಲ್ಲಿ ಇಡುತ್ತಿದ್ದರು? ಮಗುವಿನ ಒದ್ದೆ ಬಟ್ಟೆ ಎಲ್ಲಿ ಒಣಗಿಸುತ್ತಿದ್ದರು? ಉಪ್ಪು ಯಾವ ಚೀಲದಲ್ಲಿತ್ತು? ಸೈನ್ಯ ಎಂದರೆ ಬರೀ ಬಿಲ್ಲಾ? ಊಟ ಆದ ಮೇಲೆ ತಟ್ಟೆ ತೊಳೆದದ್ದು ಯಾರು?

ಆಬಿ ತಡವರಿಸಿದರು. "ಮೂಲಗಳಲ್ಲಿ ಅದರ ಬಗ್ಗೆ ಹೆಚ್ಚು..."

"ಬರೆದವರು ಗಂಡಸರು, ತಟ್ಟೆ ತೊಳೆದಿರಲ್ಲ" ಎಂದರು ಅಮ್ಮ.

ಕುರಿಯ ಚರ್ಮದ ಚೀಲ ಸಿಕ್ಕಿತು, ಬೆಣ್ಣೆಗೆ. ಈ ವಾರದಿಂದ ನಾವಿಬ್ಬರೂ ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದೇವೆ. ನೂಲು ಹಿಡಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆಲ್ಪಾಯ್ ಸಿನಿಮಾಕ್ಕೆ ಎರಡು ಟಿಕೆಟ್ ತಂದಿದ್ದ. ಅವನ ತಮ್ಮ ಜೊತೆಗೆ ಹೋದ, ಒಳ್ಳೆಯದಾಯಿತು.

ಆಗಸ್ಟ್ 20, ಬುಧವಾರ

ಇಪ್ಪತ್ತೆಂಟು!! ಒಂದು ಚಮಚಕ್ಕೆ ಇಪ್ಪತ್ತೆಂಟು!!

ಸೆಪ್ಟೆಂಬರ್ 4, ಗುರುವಾರ

ಛತ್ರದ ಹೊರಗೆ ಬಂದಿಳಿದಿದ್ದೇವೆ. ನಾಳೆ ಬೆಳಿಗ್ಗೆ ತಪಾಸಣೆ. ಒಟ್ಟು ಎಂಟು ಗುಡಾರ, ನಮ್ಮದೇ ಕೊನೆಯದು.

ಗುಡಾರ ಜೋಡಿಸಿದ ಮೇಲೆ ನಾನು ಒಂದೊಂದನ್ನೇ ಮುಟ್ಟಿ ನೋಡಿದೆ. ತಪ್ಪುಗಳು ಹನ್ನೊಂದು. ಎಲ್ಲಕ್ಕಿಂತ ಕೆಟ್ಟದ್ದು, ಕುಡಿಯುವ ನೀರಿನ ಇಪ್ಪತ್ತು ಲೀಟರಿನ ನೀಲಿ ಪ್ಲಾಸ್ಟಿಕ್ ಕ್ಯಾನು. ಆಲ್ಪಾಯ್ ಅದನ್ನು ಹಾಸಿಗೆಗಳ ಹಿಂದೆ ಇಟ್ಟು ಕಂಬಳಿ ಮುಚ್ಚಿದ್ದ.

"ಇದು ಬೇಡ. ಚರ್ಮದ ಚೀಲದಲ್ಲಿ ಬಾವಿಯಿಂದ ತರೋಣ" ಎಂದೆ.

"ಬಾವಿ ಅರ್ಧ ಕಿಲೋಮೀಟರ್! ಬೆಂಗಿಸು, ಯಾರೂ ಕಂಬಳಿ ಎತ್ತಿ ನೋಡಲ್ಲ."

"ನಮಗೆ ಗೊತ್ತಲ್ಲ."

"ನಮಗೆ ಗೊತ್ತಿದ್ರೆ ಏನೀಗ? ನಾಳೆ ಒಂದು ಗಂಟೆ ಬಾಯಿ ಮುಚ್ಕೊಂಡಿದ್ರೆ ಅಂಗಳ ನಮ್ದು. ಇಲ್ಲಾಂದ್ರೆ ಆಬಿ ಗುಡಾರ ಮಾರ್ತಾರೆ. ಹನ್ನೆರಡು ವರ್ಷ ಕಣೇ ನಂದು ಇದ್ರಲ್ಲಿ." ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡ. "ನನಗೋಸ್ಕರ. ಏನೂ ಹೇಳ್ಬೇಡ."

ಸರಿ ಎಂದೆ. ಹೇಳುವುದಿಲ್ಲ. ಅವನಿಗಾಗಿ ತಾನೇ ಇದೆಲ್ಲ ಶುರುಮಾಡಿದ್ದು. ಕ್ಯಾನು ಅಲ್ಲೇ ಇದೆ.

ಸೆಪ್ಟೆಂಬರ್ 5, ಶುಕ್ರವಾರ

ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ತಪಾಸಣೆಗೆ ಬಂದವರು ಪ್ರೊಫೆಸರ್ ಶುಕ್ರಿಯೆ ಹಾನಮ್. ಗಿಡ್ಡ ಹೆಂಗಸು, ಊರುಗೋಲು, ನಗು ಇಲ್ಲ. ಆಬಿ ಕೈ ಮುಂದೆ ಕಟ್ಟಿ ನಿಂತಿದ್ದರು. ಕಣ್ಣಿಂದ ಧಾರಾಕಾರ ನೀರು. ಭಾವುಕರಾದರೆಂದು ಎಲ್ಲರೂ ತಿಳಿದರು. ನಿಜ ಏನೆಂದರೆ ಕನ್ನಡಕ ಬಿಟ್ಟು ಹೊಸದಾಗಿ ಲೆನ್ಸ್ ಹಾಕಿಸಿಕೊಂಡಿದ್ದರು.

ಪ್ರೊಫೆಸರ್ ಬಿಲ್ಲು ನೋಡಿದರು, ಕತ್ತಿ ನೋಡಿದರು, ಬೂಟು ತಿರುಗಿಸಿ ನೋಡಿದರು. ನನ್ನ ನಿಲುವಂಗಿಯ ಅಂಚನ್ನು ಬೆರಳಲ್ಲಿ ಉಜ್ಜಿ, ಒಳಗಡೆ ಮಗುಚಿ, ತುಂಬ ಹೊತ್ತು ಹಿಡಿದುಕೊಂಡರು. ಕಂಬಳಿಯ ಹತ್ತಿರ ಹೋದರು. ಎತ್ತಲಿಲ್ಲ. ಆಲ್ಪಾಯ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಈ ಗುಡಾರದ ಯಜಮಾನರು ಯಾರು?"

"ನಾನು" ಎಂದರು ಆಬಿ, ಕಣ್ಣೊರೆಸಿಕೊಂಡು.

"ಒಂದೇ ಪ್ರಶ್ನೆ. ಇಲ್ಲಿ ಇರಬಾರದ್ದು ಏನಾದ್ರೂ ಇದೆಯಾ?"

"ಇಲ್ಲ."

"ಬಿಲ್ಲುಗಾರರು ಏನಂತೀರಿ?"

"ಇಲ್ಲ" ಎಂದ ಆಲ್ಪಾಯ್.

ಪ್ರೊಫೆಸರ್ ಅಮ್ಮನ ಕಡೆ ತಿರುಗಿದರು. ಅಮ್ಮ ಹಂಡೆಯ ಮುಂದೆ ನೆಲಕ್ಕೆ ಕೂತಿದ್ದರು. "ನೀವು ಹೇಳಿ, ಅಡುಗೆ ನಿಮ್ಮದಾ?"

"ನಾನು ಬರೀ ಮಡಿಸೋಳು" ಎಂದರು ಅಮ್ಮ. "ಒಲೆ ಇವಳದು. ಏನಿದ್ರೂ ನನ್ನ ಮಗಳನ್ನ ಕೇಳಿ."

ಎಲ್ಲರೂ ನನ್ನ ಕಡೆ ನೋಡಿದರು. ಆಲ್ಪಾಯ್ ತಲೆ ಅಲ್ಲಾಡಿಸಿದ, ಬೇಡ ಬೇಡ ಎಂದು. ನಾನು ಬಾಯಿ ಬಿಗಿ ಹಿಡಿದೆ. ನಿಜವಾಗಿ ಹಿಡಿದೆ. ಆಮೇಲೆ ಏನಾಯಿತೋ.

"ಹನ್ನೊಂದು ಇವೆ" ಎಂದೆ.

"ಏನು?"

"ಇರಬಾರದ್ದು. ಕಂಬಳಿ ಹಿಂದೆ ಪ್ಲಾಸ್ಟಿಕ್ ಕ್ಯಾನಿದೆ. ಆ ಕಂಬಳಿಯ ಕೆಂಪು ಕೂಡ ಕಾರ್ಖಾನೆಯ ಬಣ್ಣ. ಬಿಲ್ಲಿನ ಹೆದೆ ನೈಲಾನ್. ನಿಲುವಂಗಿಯ ಹೊಲಿಗೆ ಕೈಯದು, ಆದ್ರೆ ಬಟ್ಟೆ ಮಗ್ಗದ್ದಲ್ಲ, ಮಿಲ್ಲಿನದು. ಸೂಜಿನೂ ಅಂಗಡಿದೇ. ಹಿಟ್ಟು ಇಷ್ಟು ಬೆಳ್ಳಗೆ ಇರಬಾರದು. ನೆಜ್ದೆತ್ ಆಬಿ ಅಳ್ತಿಲ್ಲ, ಅವರ ಕಣ್ಣಲ್ಲಿ ಲೆನ್ಸಿದೆ..." ನಿಲ್ಲಿಸಲು ಆಗಲೇ ಇಲ್ಲ. ಹನ್ನೊಂದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಎಷ್ಟು ಹಗುರವಾಯಿತೆಂದರೆ!

ಆಬಿ ಕಂಬ ಹಿಡಿದುಕೊಂಡರು.

"ಹನ್ನೆರಡು" ಎಂದರು ಅಮ್ಮ. "ನನ್ನ ಮೇಲಿನ ಸಾಲಿನ ಹಲ್ಲು ಕಟ್ಟಿಸಿದ್ದು. ಬರ್ಕೊಳ್ಳಿ."

ಪ್ರೊಫೆಸರ್ ಬರೆದುಕೊಂಡರು. ಪುಸ್ತಕ ಮುಚ್ಚಿದರು. "ಬೆಳಿಗ್ಗೆಯಿಂದ ಏಳು ಗುಡಾರ ನೋಡಿದೆ. ಏಳರಲ್ಲೂ ಏನೂ ತಪ್ಪಿಲ್ಲ ಅಂದ್ರು. ಒಂದರಲ್ಲಿ ಫ್ರಿಜ್ ಇತ್ತು." ಊರುಗೋಲಿನಿಂದ ಕಂಬಳಿ ತೋರಿಸಿದರು. "ಆ ಕ್ಯಾನು ಈಗಲೇ ಹೊರಗೆ. ಲೆನ್ಸ್ ಇರಲಿ, ಇವರು ಒಲೆಗೆ ಬಿದ್ದರೆ ನನ್ನ ತಲೆಗೆ ಬರುತ್ತೆ. ಹಲ್ಲೂ ಇರಲಿ. ಉಳಿದ ಹನ್ನೊಂದರ ಪಟ್ಟಿ ದೊಡ್ಡದಾಗಿ ಬರೆದು ಗುಡಾರದ ಬಾಗಿಲಿಗೆ ತೂಗುಹಾಕಿ, ಬಂದವರು ಓದಲಿ. ಅಂಗಳಕ್ಕೆ ಸಾಮಾನು ಸಾಗಿಸಿ."

ಯಾರಿಗೂ ಅರ್ಥವಾಗಲಿಲ್ಲ. ಅಮ್ಮನಿಗೆ ಮಾತ್ರ ಆಯಿತು. "ಕೂತ್ಕೊಳ್ಳಿ, ಒಂದು ಬಟ್ಟಲು ತಿಂದು ಹೋಗಿ" ಎಂದರು.

ಪ್ರೊಫೆಸರ್ ಕೂತರು. ಮೊಸರು, ಬೆಳ್ಳುಳ್ಳಿ, ಸುಮಾಕ್, ಕುರಿಚರ್ಮದ ಚೀಲದ ಬೆಣ್ಣೆ. ಒಂದು ಚಮಚ ತಿಂದರು. ಎರಡು ತಿಂದರು. "ಮೆಣಸಿನಪುಡಿ ಇಲ್ಲದೆ ಹೀಗಿರುತ್ತಾ?" ಎಂದರು, ಮೆಲ್ಲಗೆ.

"ನಾನೂ ಆಸ್ಪತ್ರೆ ಊಟ ಅಂದ್ಕೊಂಡಿದ್ದೆ" ಎಂದರು ಅಮ್ಮ.

ಆಲ್ಪಾಯ್ ನೀಲಿ ಕ್ಯಾನನ್ನು ಭುಜದ ಮೇಲೆ ಹೊತ್ತು ಹೊರಗೆ ಹೋಗುತ್ತಿದ್ದ. ನನ್ನ ಮುಂದೆ ಬಂದಾಗ ನಿಂತ. ಸಿಟ್ಟು ಮಾಡಿಕೊಳ್ಳಲು ಪ್ರಯತ್ನಿಸುತ್ತಿದ್ದದ್ದು ಗೊತ್ತಾಗುತ್ತಿತ್ತು, ಆದರೆ ಮುಖ ಅವನ ಮಾತು ಕೇಳುತ್ತಿರಲಿಲ್ಲ. "ನನ್ನ ಬಿಲ್ಲಿನ ಹೆದೆನೂ ಹೇಳ್ಬೇಕಿತ್ತಾ?" ಎಂದ. ಆಮೇಲೆ ಇಬ್ಬರೂ ನಗಲು ಶುರುಮಾಡಿದೆವು, ಕ್ಯಾನಿನ ನೀರೆಲ್ಲ ಚೆಲ್ಲಿತು.

ಸೆಪ್ಟೆಂಬರ್ 7, ಭಾನುವಾರ

ಅಂಗಳ! ಮೂರು ದಿನ! ಕತ್ತಿಯ ಮುಂದೆ ನಿಂತವರಿಗಿಂತ ನಮ್ಮ ತಪ್ಪುಗಳ ಪಟ್ಟಿಯ ಮುಂದೆ ನಿಂತವರೇ ಹೆಚ್ಚು. ಒಂದು ಪುಟ್ಟ ಹುಡುಗಿ ಪಟ್ಟಿ ಓದಿ, ನಮ್ಮ ಅಮ್ಮನ ಮುಂದೆ ಬಂದು, "ಹಲ್ಲು ತೋರಿಸಿ" ಎಂದಳು. ಅಮ್ಮ ತೆಗೆದೇ ತೋರಿಸಿದರು.

ಆಬಿ ಗುಡಾರ ಮಾರುವುದಿಲ್ಲವಂತೆ.

ಸೆಪ್ಟೆಂಬರ್ 14, ಭಾನುವಾರ

ಬೆಳಿಗ್ಗೆಯಿಂದ ಕೆಳಗಿನ ಮಹಡಿಯಲ್ಲಿ ಮಗ್ಗ ಜೋಡಿಸುತ್ತಿದ್ದೆವು. ಅಮ್ಮನ ಅಕ್ಕನ ಮನೆಯ ಅಟ್ಟದಲ್ಲಿತ್ತು. ಮಿಲ್ಲಿನ ಬಟ್ಟೆಯನ್ನು ಪಟ್ಟಿಯಿಂದ ಹೊಡೆದುಹಾಕಿದರೆ ಉಳಿಯುವುದು ಹತ್ತೇ. ಮಧ್ಯಾಹ್ನ ಆಲ್ಪಾಯ್ ಊಟ ಹುಡುಕಿಕೊಂಡು ಇಳಿದು ಬಂದ. ಮಗ್ಗದ ಆಚೆಯಿಂದ ಸ್ವಲ್ಪ ಹೊತ್ತು ನಮ್ಮನ್ನು ನೋಡುತ್ತ ನಿಂತಿದ್ದ.

"ಮುಂದಿನ ಬೇಸಿಗೆಗೆ ಒಂದು ಮಾತು ಹೇಳ್ಲಾ?" ಎಂದ. "ಎಲ್ಲರ ಹಾಗೆ ಸಮುದ್ರಕ್ಕೆ ಹೋಗೋಣ. ಛತ್ರಿ ಕೆಳಗೆ ಮಲ್ಕೊಳ್ಳೋಣ. ದಿನಕ್ಕೆ ಇಪ್ಪತ್ತು ಲೋಟ ಚಹಾ ಕುಡಿಯೋಣ. ನೀನು ಇದನ್ನೆಲ್ಲ ನನಗೋಸ್ಕರ ಮಾಡ್ತೀಯ ಅಂತ ಗೊತ್ತು, ಚಿನ್ನ. ಒಂದು ವರ್ಷ ಬಿಡುವು ತಗೋ."

ಎಷ್ಟು ಒಳ್ಳೆಯವನು ನನ್ನ ಗಂಡ! ಆಗಲಿ ಎಂದೆ. ಆಲಾನ್ಯಕ್ಕೆ ಹೋಗೋಣ ಎಂದೆ. ಖುಷಿಯಿಂದ ನನ್ನ ಹಣೆಗೆ ಮುತ್ತಿಟ್ಟು, ಕೂಡಲೇ ಹೋಟೆಲು ನೋಡಲು ಮೇಲೆ ಓಡಿದ.

ಆಲಾನ್ಯದ ಬಂದರಿನಲ್ಲಿ ಸೆಲ್ಜುಕರು ಕಟ್ಟಿಸಿದ ಹಡಗುಕಟ್ಟೆ ಇದೆ. ಐದು ಕಮಾನು, ಇವತ್ತಿಗೂ ನೀರಿನ ಅಂಚಿನಲ್ಲಿ ನಿಂತಿದೆ. ಅದನ್ನು ಅವನಿಗೆ ಇನ್ನೂ ಹೇಳಿಲ್ಲ. ಅಮ್ಮನೂ ಬರುತ್ತಾರೆ ಎಂಬುದನ್ನೂ. ಹಡಗಿನಲ್ಲಿ ಒಲೆ ಎಲ್ಲಿ ಹೂಡುತ್ತಿದ್ದರು ಎಂದು ಅವರು ಆಗಲೇ ಕೇಳಲು ಶುರುಮಾಡಿದ್ದಾರೆ.